ಹಳೇ ಬಾತ್‌ರೂಮು: ಟೈಲ್ಸ್ ಮೇಲೆ ಟೈಲ್ಸೋ, ಒಡೆದು ಹೊಸದೋ?

ಮೊದಲೇ ಹೇಳಿಬಿಡ್ತೀನಿ, ದುಡ್ಡು ಹೊಂದುವ ಹಾಗಿದ್ದರೆ ಒಡೆಸಿ.

ನಮ್ಮದು ಮೈಸೂರಲ್ಲಿ ಎಂಬತ್ತರ ದಶಕದ ಮನೆ. ಬಾಡಿಗೆಗೆ ಕೊಡುವ ಮಹಡಿಯ ಬಾತ್‌ರೂಮಿಗೆ ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸಿದೆವು. ನಾವಿರುವ ಕೆಳಗಿನದನ್ನು ಪೂರ್ತಿ ಒಡೆಸಿದೆವು. ಎರಡೂ ಐದಡಿ-ಏಳಡಿ ಜಾಗ, ಮೇಸ್ತ್ರಿಯೂ ಒಬ್ಬರೇ. ಟೈಲ್ಸ್ ಬಣ್ಣ, ಸೈಜು, ಡಿಸೈನು ಇದೆಲ್ಲ ಅಂಗಡಿಯವರೇ ಬೇಕಾದಷ್ಟು ಹೇಳ್ತಾರೆ, ಬಿಟ್ಟುಬಿಡೋಣ.

ಅಂಟಿಸುವ ಕೆಲಸ ಬೇಗ ಮುಗಿಯುತ್ತೆ, ಅದರಲ್ಲಿ ಎರಡು ಮಾತಿಲ್ಲ. ಧೂಳಿಲ್ಲ, ಸುತ್ತಿಗೆ ಸದ್ದಿಲ್ಲ. ಬಾಡಿಗೆಯವರು ಬರೋ ಹೊತ್ತಿಗೆ ಬಾತ್‌ರೂಮು ಫಳಫಳ. ಹಳೇ ಟೈಲ್ಸ್ ಒಂದೊಂದನ್ನೂ ನಾಣ್ಯದಲ್ಲಿ ತಟ್ಟಿ, ಟೊಳ್ಳು ಸದ್ದು ಬಂದದ್ದನ್ನು ಮಾತ್ರ ಕಿತ್ತು ತೆಗೆದರು. ನುಣುಪು ಟೈಲ್ಸಿಗೆ ಬರೀ ಸಿಮೆಂಟ್ ಹಾಲು ಕಚ್ಚಲ್ಲ, ಟೈಲ್ಸ್ ಅಂಟೇ ಬೇಕು. ಚೀಲದ ಮೇಲೆ ಐಎಸ್ 15477 (ಟೈಲ್ಸ್ ಅಂಟಿನ ಭಾರತೀಯ ಮಾನಕದ ಸಂಖ್ಯೆ) ಅಂತ ಇದೆಯಾ ನೋಡಿ, ಜೊತೆಗೆ ಟೈಲ್ಸ್ ಮೇಲೆ ಹಾಕೋಕೆ ಆಗುವಂಥದ್ದೇ ಕೊಡಿ ಅಂತ ಕೇಳಿ.

ತಲೆನೋವು ಇದ್ದದ್ದು ಆ ಅರ್ಧ ಇಂಚಿನಲ್ಲಿ. ಟೈಲಿನ ದಪ್ಪ, ಅಂಟಿನ ದಪ್ಪ ಸೇರಿ ನೆಲ ಹೆಚ್ಚುಕಡಿಮೆ ಅಷ್ಟು ಏರುತ್ತೆ. ನಮ್ಮಲ್ಲಿ ಬಾತ್‌ರೂಮು ಹೊರಗಿನ ನೆಲಕ್ಕಿಂತ ತಗ್ಗಿದ್ದದ್ದೇ ಒಂದಿಂಚು, ಅದರಲ್ಲಿ ಅರ್ಧ ಹೋಯ್ತು. ಮೊದಲು ಬಾಗಿಲು ಉಜ್ಜೋಕೆ ಶುರುವಾಯ್ತು. ಬಡಗಿ ಬಂದು ಅಡಿ ಕೊಯ್ದು ಹೋದರು. ಕೊಯ್ದ ಅಂಚು ನೀರು ಕುಡಿದು ಊದಿ, ಈಗ ಮತ್ತೆ ಉಜ್ಜುತ್ತಿದೆ. ನೀರು ಹೋಗುವ ಜಾಲಿ ಹೊಸ ನೆಲಕ್ಕಿಂತ ಕೆಳಗಾಗಿ, ಸುತ್ತ ಒಂದು ಗುಂಡಿ ಬಿತ್ತು. ಕೂದಲು, ಶಾಂಪೂ ಪ್ಯಾಕೆಟ್ಟಿನ ಮೂಲೆ, ಸೋಪಿನ ಚೂರು ಎಲ್ಲಾ ಅಲ್ಲೇ ಠಿಕಾಣಿ. ಕಮೋಡನ್ನೂ ಬಿಚ್ಚಿ ಮತ್ತೆ ಕೂರಿಸಬೇಕಾಯ್ತು. ಆ ಕೂಲಿ ಕೊಟೇಶನ್‌ನಲ್ಲಿ ಇರಲಿಲ್ಲ.

ಗೋಡೆಯದ್ದು ಇನ್ನೊಂದು ಕಥೆ. ಹೊರಗೆ ಕಾಣುವ ನಲ್ಲಿಗಾದರೆ ಎಕ್ಸ್‌ಟೆನ್ಷನ್ ನಿಪ್ಪಲ್, ಅಂದರೆ ಪೈಪು ಉದ್ದ ಮಾಡೋ ಸಣ್ಣ ತುಂಡು, ಹಾಕಿದರೆ ಮುಗೀತು. ಗೋಡೆಯೊಳಗೆ ಹುದುಗಿಸಿದ ಸ್ಟಾಪ್‌ಕಾಕ್ (ನೀರು ನಿಲ್ಲಿಸೋ ವಾಲ್ವ್) ಇದ್ದರೆ ಮಾತ್ರ ಫಜೀತಿ. ಗೋಡೆ ದಪ್ಪವಾದ ಮೇಲೆ ಅದನ್ನು ತಿರುಗಿಸೋ ಕಡ್ಡಿ, ಅಂದರೆ ಸ್ಪಿಂಡಲ್, ಹಿಡಿಗೆ ಎಟುಕಲ್ಲ. ಅದನ್ನು ಉದ್ದ ಮಾಡೋ ತುಂಡು ಅದೇ ಕಂಪನಿಯ ಅದೇ ಮಾಡೆಲಿನದ್ದೇ ಆಗಬೇಕು. ಹಳೇ ಹಿಡಿ ಜೇಬಲ್ಲಿಟ್ಟುಕೊಂಡು ಶಿವರಾಂಪೇಟೆಯಲ್ಲಿ ಅಂಗಡಿ ಅಂಗಡಿ ಅಲೆದೆ. "ಈ ಮಾಡೆಲ್ ನಿಂತು ಯಾವ ಕಾಲ ಆಯ್ತು ಸಾರ್, ಗೋಡೆ ಒಡೆದು ಹೊಸದು ಹಾಕಿಸಿಬಿಡಿ" ಅಂದರು ಒಬ್ಬರು. ಒಡೆಯೋದು ಬೇಡ ಅಂತ ತಾನೇ ಇಷ್ಟೆಲ್ಲ! ಕೊನೆಗೆ ಹೊಸ ಟೈಲ್ಸ್ ನಾಲ್ಕನ್ನು ಕಿತ್ತು ಅದೇ ಕೆಲಸ ಮಾಡಿಸಿದ್ದಾಯ್ತು.

ವಾಟವೂ, ಅಂದರೆ ನೀರು ಹರಿಯೋ ನೆಲದ ಇಳಿಜಾರೂ, ಹಳೆಯದೇ ಉಳಿಯುತ್ತೆ. ಕಮೋಡಿನ ಹಿಂದಿನ ಮೂಲೆ ಹಿಂದೆಯೇ ಕುಸಿದಿತ್ತು. ನೀರು ಈಗಲೂ ಅಲ್ಲೇ ನಿಲ್ಲುತ್ತೆ, ಹೊಸ ಟೈಲ್ಸ್ ಮೇಲೆ ನಿಲ್ಲುತ್ತೆ ಅನ್ನೋದಷ್ಟೇ ವ್ಯತ್ಯಾಸ.

ಕೆಳಗೆ ಒಡೆಸಿದಾಗ ಮನೆಯೆಲ್ಲ ಧೂಳು. ದೇವರ ಕೋಣೆಯ ಪಟಗಳಿಗೂ ಹಳೇ ಸೀರೆ ಹೊದಿಸಿದ್ದಳು ನನ್ನ ಹೆಂಡತಿ. ಹಿತ್ತಲಲ್ಲಿ ತಗಡಿನ ಮರೆ ಕಟ್ಟಿಕೊಂಡು ಸ್ನಾನ, ಅಮ್ಮನ ಗೊಣಗಾಟ ಬೇರೆ. ಆದರೆ ಗೋಡೆ ಒಡೆದಾಗ ಕಂಡದ್ದು ನೋಡಿ: ಹಳೇ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿನ ಎಲ್ಬೋ, ಅಂದರೆ ತಿರುವಿನ ತುಂಡಿನ, ಒಳಗೆ ಪೆನ್ಸಿಲ್ಲೂ ತೂರದಷ್ಟು ತುಕ್ಕು ಕಟ್ಟಿತ್ತು. ಬೆಳಗ್ಗೆ ಮೊದಲು ಬರುತ್ತಿದ್ದ ಕೆಂಪು ನೀರು, ಷವರಿನ ಸಣ್ಣ ಧಾರೆ, ಎರಡಕ್ಕೂ ಅದೇ ಕಾರಣ. ಎಲ್ಲಾ ಕಿತ್ತು ತುಕ್ಕು ಹಿಡಿಯದ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸಿದೆವು. ಪಕ್ಕದ ರೂಮಿನ ಗೋಡೆಯ ಬಣ್ಣ ಉದುರುತ್ತಿದ್ದದ್ದೂ ಇದರ ಜೊತೆಗೇ ನಿಂತಿತು. ಟೈಲ್ಸಿಗೆ ಮುಂಚೆ ವಾಟರ್‌ಪ್ರೂಫಿಂಗ್ ಬಳಿಸಿ, ಜಾಲಿ ಬಾಯಿ ಮುಚ್ಚಿ, ಒಂದಿಡೀ ದಿನ ನೀರು ನಿಲ್ಲಿಸಿ ಪರೀಕ್ಷೆ ಮಾಡಿಸಿದೆ. ಮೇಸ್ತ್ರಿಗೆ ಇಷ್ಟವಿರಲಿಲ್ಲ, ನಾನು ಬಿಡಲಿಲ್ಲ. ಐದಡಿಗೆ ಮುಕ್ಕಾಲು ಇಂಚು ವಾಟ ಕೊಡಿಸಿದೆ. ಬಕೆಟ್ ಮಗುಚಿದರೂ ನೀರು ನೇರ ಜಾಲಿಗೇ ಓಡುತ್ತೆ.

ಖರ್ಚು: ಮೇಲಿನದಕ್ಕೆ ಸುಮಾರು 45,000, ಕೆಳಗಿನದಕ್ಕೆ 1.10 ಲಕ್ಷ.

ಟೈಲ್ಸ್ ಗಟ್ಟಿಯಾಗಿದ್ದು ಸಂದು ಮಾತ್ರ ಕಪ್ಪಾಗಿದ್ದರೆ ಎರಡೂ ಬೇಡ. ಸಂದು ಕೆರೆದು ಎಪಾಕ್ಸಿ ಗ್ರೌಟ್ (ರಾಳದ ಸಂದು ತುಂಬುವ ಮಿಶ್ರಣ) ತುಂಬಿಸಿ, ಸಾಕು.

ನಮ್ಮದು ಬಕೆಟ್-ಚೊಂಬಿನ ಸ್ನಾನ, ಅಮ್ಮ ಬಟ್ಟೆ ಕುಕ್ಕೋದೂ ಅಲ್ಲೇ. ನೆಲದ ಮೇಲೆ ದಿನಾ ಅಷ್ಟು ನೀರು ಹರಿಯುವಾಗ ನನಗೆ ಚಂದಕ್ಕಿಂತ ವಾಟ ಮುಖ್ಯ. ನಾಲ್ಕೈದು ವರ್ಷದಲ್ಲಿ ಮನೆ ಮಾರುವ ಯೋಚನೆ ಇದ್ದು, ಪೈಪು ಆಗಲೇ ಬದಲಾಗಿದ್ದರೆ ಅಂಟಿಸುವುದೂ ನಡೆಯುತ್ತೆ. ಒಡೆಸುವವರು ಒಂದು ಕೇಳಿಕೊಳ್ಳಿ: ಡೆಬ್ರಿಸ್ ಸಾಗಿಸೋ ಖರ್ಚು ಯಾರದ್ದು? ನಮ್ಮ ಗೇಟಿನ ಮುಂದೆ ಆ ಚೀಲಗಳು ಇನ್ನೂ ಬಿದ್ದಿವೆ.