ಶುದ್ಧೀಕರಣ ಘಟಕದ ನೀರು ಹೊಲಕ್ಕೆ ಎಷ್ಟು ಒಗ್ಗುತ್ತದೆ: ಎರಡು ಬೇಸಿಗೆಯ ಬಳಕೆಯ ನಂತರ

ಹುಬ್ಬಳ್ಳಿಯ ಅಂಚಿನಲ್ಲಿರುವ ನಮ್ಮ ಮೂರು ಎಕರೆ ಎರೆ ಹೊಲಕ್ಕೆ ಹಳ್ಳದ ನೀರೇ ಆಧಾರ, ಬೇಸಿಗೆಯಲ್ಲಿ ಆ ಹಳ್ಳದಲ್ಲಿ ಹರಿಯುವುದು ಊರಿನ ಗಟಾರದ ನೀರು. ನಮ್ಮ ತಂದೆಯವರ ಕಾಲದಲ್ಲಿ ಪಂಪು ಹಚ್ಚಿ ಅದನ್ನು ಹಾಗೆಯೇ ಹೊಲಕ್ಕೆ ಬಿಡುತ್ತಿದ್ದರು. ನೀರು ಕಟ್ಟುವವರ ಕಾಲಲ್ಲಿ ತುರಿಕೆ ತಪ್ಪುತ್ತಿರಲಿಲ್ಲ. ಮೇಲ್ಭಾಗದಲ್ಲಿ ಕೊಳಚೆ ನೀರು ಶುದ್ಧೀಕರಣ ಘಟಕ ಆರಂಭವಾದ ಮೇಲೆ ಎರಡು ಬೇಸಿಗೆ ಅದು ಬಿಡುವ ನೀರಿನಲ್ಲೇ ಬೆಳೆ ತೆಗೆದಿದ್ದೇನೆ.

ನಾತ ಬಹುಮಟ್ಟಿಗೆ ಹೋಗಿದೆ, ತುರಿಕೆಯೂ ಇಲ್ಲ. ಇದಕ್ಕೆ ಘಟಕಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ಆದರೆ ಘಟಕ ಚೆನ್ನಾಗಿ ನಡೆಯುತ್ತಿದೆ ಎನ್ನಲು ಎಲ್ಲರೂ ಮೊದಲು ತೋರಿಸುವುದು ಬಿಒಡಿ ಅಂಕಿಯನ್ನು, ಅಂದರೆ ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕೆಂಬ ಅಳತೆಯನ್ನು. 2017ರ ಕೇಂದ್ರ ಅಧಿಸೂಚನೆಯಲ್ಲಿ ಮಹಾನಗರಗಳಲ್ಲದ ಊರುಗಳಿಗೆ ಅದರ ಮಿತಿ ಲೀಟರಿಗೆ 30 ಮಿಲಿಗ್ರಾಂ. ಹಳ್ಳದ ನೀರಿನಲ್ಲಿ ಆಮ್ಲಜನಕ ಉಳಿದು ಮೀನು ಬದುಕುತ್ತದೆಯೇ ಎಂಬುದನ್ನು ಈ ಅಂಕಿ ಹೇಳುತ್ತದೆ. ನನ್ನ ಕೊತ್ತಂಬರಿಯನ್ನು ಹಸಿಯಾಗಿ ತಿನ್ನುವವರ ಹೊಟ್ಟೆಯ ವಿಷಯವನ್ನು ಹೇಳುವುದಿಲ್ಲ. ಹಸಿಯಾಗಿ ತಿನ್ನುವ ಬೆಳೆಗೆ ಹರಿಸುವ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಜಂತುಹುಳುವಿನ ಮೊಟ್ಟೆ ಇರಬಾರದು, 100 ಮಿಲಿಲೀಟರಿಗೆ ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ 1000 ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಹೇಳಿತ್ತು. ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆದರೆ ದಪ್ಪ ಕವಚದ ಈ ಮೊಟ್ಟೆಗಳು ಅದಕ್ಕೆ ಜಗ್ಗುವುದಿಲ್ಲ; ನೀರು ತೊಟ್ಟಿಯಲ್ಲಿ ಅಲುಗಾಡದೆ ನಿಂತು ಅವು ತಳಕ್ಕೆ ಇಳಿಯಬೇಕು. ನಮ್ಮಲ್ಲಿ ಎಡವುತ್ತಿರುವುದು ಇಲ್ಲಿಯೇ. ಊರೆಲ್ಲ ಸ್ನಾನ, ಬಟ್ಟೆ ಒಗೆಯುವಿಕೆಯಲ್ಲಿ ತೊಡಗಿರುವ ಮುಂಜಾನೆಯ ಹೊತ್ತಿಗೆ ಒಳಹರಿವು ಏರಿ, ತಿಳಿಯಾಗಬೇಕಾದ ನೀರಿನೊಂದಿಗೆ ಕಂದು ಬಣ್ಣದ ಕೆಸರಿನ ತುಣುಕುಗಳು ಹೊರಬರುತ್ತವೆ. ಆ ಹೊತ್ತಿನಲ್ಲಿ ಬಾಟಲಿಗೆ ತುಂಬಿಟ್ಟ ನೀರಿನ ತಳದಲ್ಲಿ ಮರುದಿನ ಕೆಸರು ಕೂತಿರುತ್ತದೆ. ಮಧ್ಯಾಹ್ನ ತುಂಬಿದ್ದರಲ್ಲಿ ಅಷ್ಟು ಇರುವುದಿಲ್ಲ. ಕರೆಂಟು ಹೋದಾಗ ಗಾಳಿ ಊದುವ ಯಂತ್ರ ನಿಂತು ಹಳೆಯ ನಾತ ಮರಳುತ್ತದೆ. ಆದ್ದರಿಂದ ತಿಂಗಳಿಗೊಂದು ಮಾದರಿ ತೆಗೆದು, ಅದನ್ನೂ ಹಗಲಿನ ಅನುಕೂಲದ ಹೊತ್ತಿನಲ್ಲಿ ತೆಗೆದು ಮಾಡಿದ ಪರೀಕ್ಷೆಯನ್ನು ನಂಬಿ ಸೊಪ್ಪು ಬೆಳೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಇನ್ನು ಉಪ್ಪಿನ ಮಾತು. ಅಡುಗೆಮನೆಯ ಉಪ್ಪು, ಬಟ್ಟೆ ಸೋಪಿನ ಸೋಡಿಯಂ, ಕೊಳವೆಬಾವಿಯ ಗಡಸುತನ, ಇವೆಲ್ಲ ಕರಗಿ ಬರುತ್ತವೆ. ಸೂಕ್ಷ್ಮಜೀವಿಗಳಿಂದ ಕೊಳೆ ತಿನ್ನಿಸುವ ಇಂಥ ಘಟಕ ಅವುಗಳನ್ನು ತೆಗೆಯಲಾರದು. ಅದು ಘಟಕದ ತಪ್ಪಲ್ಲ, ಆದರೆ ಶುದ್ಧೀಕರಿಸಿದ ನೀರು ಎಂಬ ಹೆಸರು ಕೇಳಿ ನಾವು ಮೋಸಹೋಗುತ್ತೇವೆ. ನೀರಿನಲ್ಲಿ ಕರಗಿದ ಉಪ್ಪು ಹೆಚ್ಚಿದಷ್ಟೂ ಅದರ ವಿದ್ಯುತ್ ವಾಹಕತೆ ಹೆಚ್ಚುತ್ತದೆ; ನೀರಾವರಿ ನೀರಿನಲ್ಲಿ ಅದು ಸೆಂಟಿಮೀಟರಿಗೆ 2250 ಮೈಕ್ರೊಮೋ ದಾಟಬಾರದೆಂಬ ಮಿತಿ ನಮ್ಮಲ್ಲಿದೆ. ಅದರೊಳಗಿದ್ದರೂ, ಬಸಿಯದ ಎರೆ ಮಣ್ಣಿನಲ್ಲಿ ಸೋಡಿಯಂ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋದರೆ ಜೇಡಿ ಕಣಗಳು ಬಿಡಿಬಿಡಿಯಾಗಿ, ಮಳೆ ನೀರು ಇಂಗದೆ ಮಡುಗಟ್ಟಿ, ನೆಲ ಸವಳಾಗುತ್ತದೆ. ನಮ್ಮ ಹೊಲದ ತಗ್ಗಿನ ಮೂಲೆಯಲ್ಲಿ ಈಗಾಗಲೇ ಬಿಳಿ ಪದರ ಕಾಣಿಸಿದೆ, ಅದನ್ನು ನೋಡಿದಾಗಲೆಲ್ಲ ಜೀವ ಮರುಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಅಲ್ಲಿಗೆ ಜಿಪ್ಸಂ ಹಾಕಿದ್ದೇನೆ, ಮಳೆನೀರು ನಿಂತು ಬಸಿದು ಹೋಗುವಂತೆ ಕಾಲುವೆ ತೋಡಿದ್ದೇನೆ.

ನೀರಿನಲ್ಲಿ ಉಳಿದ ಸಾರಜನಕದಿಂದ ಗೋವಿನಜೋಳಕ್ಕೆ ಯೂರಿಯಾ ಕಡಿಮೆ ಸಾಕಾಯಿತು. ಹತ್ತಿ ಮಾತ್ರ ಎಲೆಯಲ್ಲೇ ಸೊಕ್ಕಿ ಕಾಯಿ ಕಡಿಮೆ ಕಟ್ಟಿತು.

ಮೇವಿನ ಹುಲ್ಲಿಗೂ ಗೋವಿನಜೋಳಕ್ಕೂ ಈ ನೀರನ್ನು ಬಳಸಬಹುದೆಂದು ಅಕ್ಕಪಕ್ಕದ ರೈತರಿಗೆ ಹೇಳುತ್ತೇನೆ. ಕೊತ್ತಂಬರಿ, ಮೂಲಂಗಿ, ಮೆಂತ್ಯ ಬೆಳೆಯುವವರಿಗೆ ಸದ್ಯಕ್ಕೆ ಬೇಡವೆನ್ನುತ್ತೇನೆ. ಮುಂಜಾನೆಯ ಮಾದರಿಯಲ್ಲಿ ಮೊಟ್ಟೆಗಳ ಎಣಿಕೆ ಎಷ್ಟು, ವಾಹಕತೆ ಎಷ್ಟು ಎಂಬುದನ್ನು ಬಿಒಡಿಯ ಜೊತೆಗೆ ಘಟಕದ ಗೇಟಿನ ಫಲಕದಲ್ಲಿ ಕನ್ನಡದಲ್ಲಿ ಬರೆಯುವ ದಿನ ಬಂದರೆ, ಮಡಿ ಕಟ್ಟಿ ಮತ್ತೆ ಕೊತ್ತಂಬರಿ ಬೀಜ ಉಗ್ಗಲು ನಾನು ಸಿದ್ಧನಿದ್ದೇನೆ.