ಆರು ವರ್ಷ ಬಳಸಿದ ಹಳೇ ಆಸಿಲೋಸ್ಕೋಪ್, ಮತ್ತು ಜಿಗಿಯುವ ಗೆರೆ

ಐದಕ್ಕೆ ನಾಲ್ಕು ಸ್ಟಾರ್. ಹೋದ ಒಂದು ಸ್ಟಾರ್ ಯಾಕೆ ಅನ್ನೋದು ಕೊನೆಗೆ ಗೊತ್ತಾಗುತ್ತದೆ.

ಆಸಿಲೋಸ್ಕೋಪ್ ಅಂದರೆ ವಿದ್ಯುತ್ ಸಿಗ್ನಲ್‌ನ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಉಪಕರಣ. ಇದು ಎರಡು ಚಾನೆಲ್‌ನ (ಒಟ್ಟಿಗೆ ಎರಡು ಸಿಗ್ನಲ್ ನೋಡಬಹುದು), 20 ಮೆಗಾಹರ್ಟ್ಸ್‌ನ ಅನಲಾಗ್ ಸ್ಕೋಪ್. ಪಿಕ್ಚರ್ ಟ್ಯೂಬ್ ಇರುವ ಭಾರದ ಡಬ್ಬ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡು ಆರು ವರ್ಷವಾಯಿತು. ಗೆರೆ ಇವತ್ತಿಗೂ ಚೂಪಾಗಿದೆ. ಆಂಪ್ಲಿಫೈಯರ್, ಪವರ್ ಸಪ್ಲೈ ರಿಪೇರಿಗೆ ಧಾರಾಳವಾಗಿ ಸಾಕು. ಮೆನು ಹುಡುಕುವ ಗೋಜಿಲ್ಲ, ನಾಬ್ ತಿರುಗಿಸಿದರೆ ಆಯಿತು.

ಮೂರನೇ ವರ್ಷ ಆಟ ಶುರುವಾಯಿತು. ಆನ್ ಮಾಡಿ ಇಪ್ಪತ್ತು ನಿಮಿಷಕ್ಕೆ ಒಂದನೇ ಚಾನೆಲ್‌ನ ಗೆರೆ ಪರದೆಯ ಎರಡೂವರೆ ಚೌಕದಷ್ಟು ಮೇಲಕ್ಕೆ ಜಿಗಿಯುತ್ತಿತ್ತು. ಮೇಜು ತಟ್ಟಿದರೆ ಇಳಿಯುತ್ತಿತ್ತು. ರಿಪೇರಿಗೆ ಕೊಟ್ಟರೆ "ಸರಿಯಾಗೇ ಇದೆಯಲ್ಲ" ಅಂತ ವಾಪಸ್ ಬಂತು. ನಾನೇ ಮುಚ್ಚಳ ಬಿಚ್ಚಿ ಕೂತರೆ ಅವತ್ತು ಸಾಧು ಹಸು! ಆಮೇಲೆ ಹೊಳೆಯಿತು: ಮುಚ್ಚಳ ತೆಗೆದರೆ ಒಳಗೆ ಬಿಸಿಯೇ ಏರುತ್ತಿರಲಿಲ್ಲ.

ಅದಕ್ಕೂ ಮೊದಲು ಒಂದು ದಡ್ಡತನ ಮಾಡಿದ್ದೆ. ಕಂಡ ಕಂಡ ಸ್ವಿಚ್ಚಿಗೆಲ್ಲ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ಎರಡು ವಾರ ಸುಮ್ಮನಿತ್ತು. ಗೆದ್ದೆ ಅಂದುಕೊಂಡೆ. ಮತ್ತೆ ಬಂತು. ಬಂದು ಹೋಗುವ ತೊಂದರೆಯ ಕಾಟವೇ ಇದು. ಏನು ಮಾಡಿದರೂ ಸರಿಹೋದ ಹಾಗೆ ಕಾಣುತ್ತದೆ. ಬೇಕೆಂದಾಗ ಅದನ್ನು ಬರಿಸಲು ಆಗದಿದ್ದರೆ ಹೋಯಿತು ಅಂತ ಹೇಳುವುದಾದರೂ ಹೇಗೆ?

ಹಾಗಾಗಿ ಮೊದಲು ಬರಿಸಲು ಕಲಿತೆ. ಬೋರ್ಡಿಗೆ ಹೇರ್ ಡ್ರೈಯರ್ ಹಿಡಿದರೆ ಎರಡೇ ನಿಮಿಷಕ್ಕೆ ಗೆರೆ ಜಿಗಿಯಿತು. ಇನ್‌ಪುಟ್ ಸ್ವಿಚ್ ಗ್ರೌಂಡ್‌ನಲ್ಲಿಟ್ಟೆ (ಆಗ ಹೊರಗಿನ ಸಿಗ್ನಲ್ ಒಳಗೆ ಬರುವುದಿಲ್ಲ), ಆಗಲೂ ಜಿಗಿತ. ಅಂದರೆ ಪ್ರೋಬ್ (ಸರ್ಕ್ಯೂಟಿಗೆ ತಾಗಿಸುವ ಕಡ್ಡಿ), ಕೇಬಲ್ ತಪ್ಪಿಲ್ಲ. ಸಿಗ್ನಲ್ ಎಷ್ಟು ದೊಡ್ಡದಾಗಿ ಕಾಣಬೇಕು ಅಂತ ಹೊಂದಿಸುವ ವೋಲ್ಟ್ಸ್ ನಾಬ್ ತಿರುಗಿಸಿದರೂ ಜಿಗಿತದ ಎತ್ತರ ಅಷ್ಟೇ, ಹಾಗಾದರೆ ತೊಂದರೆ ಆ ನಾಬ್ ದಾಟಿದ ಮೇಲಿನ ಭಾಗದಲ್ಲಿ. ಎರಡನೇ ಚಾನೆಲ್ ಕದಲಲೇ ಇಲ್ಲ, ಅಲ್ಲಿಗೆ ಪವರ್ ಸಪ್ಲೈ ಕೂಡ ಬಚಾವ್. ಉಳಿದದ್ದು ಅಂಗೈ ಅಗಲದ ಜಾಗ.

ಅಲ್ಲಿದ್ದ ಟ್ರಾನ್ಸಿಸ್ಟರ್‌ಗಳಿಗೆ ಒಂದೊಂದಾಗಿ ಫ್ರೀಜ್ ಸ್ಪ್ರೇ (ಬಿಡಿಭಾಗವನ್ನು ತಟ್ಟನೆ ತಣ್ಣಗಾಗಿಸುವ ಸ್ಪ್ರೇ) ಹೊಡೆದೆ. ಏನೂ ಬದಲಾಗಲಿಲ್ಲ. ಪ್ಲಾಸ್ಟಿಕ್ ಕಡ್ಡಿಯಿಂದ ಎರಡು ಬೋರ್ಡ್ ಸೇರಿಸುವ ಕನೆಕ್ಟರ್ ಅದುಮಿದೆ. ಟಪ್ ಅಂತ ಗೆರೆ ಕೆಳಗಿಳಿಯಿತು! ಬಿಟ್ಟರೆ ಮೇಲೆ. ಕಡ್ಡಿ ಅಂದರೆ ಪ್ಲಾಸ್ಟಿಕ್ಕೋ ಮರದ್ದೋ ಇರಲಿ, ಇನ್ನೊಂದು ಕೈ ಜೇಬಿನಲ್ಲಿರಲಿ. ಟ್ಯೂಬಿನ ಹತ್ತಿರ ಸುಮಾರು 2,000 ವೋಲ್ಟ್ ಇರುತ್ತದೆ, ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ.

ಭೂತಗನ್ನಡಿಯಲ್ಲಿ ನೋಡಿದರೆ ಮೂರನೇ ಪಿನ್ ಸುತ್ತ ಕೂದಲಿನಷ್ಟು ಸಣ್ಣ ಕಪ್ಪು ಉಂಗುರ. ಬೆಸುಗೆ ಬಿರುಕು ಬಿಟ್ಟಿತ್ತು. ಬೆರಳು ತಾಗಿಸಿದರೆ ಗೊತ್ತೇ ಆಗುವುದಿಲ್ಲ. ಹಳೇ ಸೋಲ್ಡರ್ ಹೀರಿ ತೆಗೆದು ಹೊಸದು ಹಾಕಿದೆ, ಅಕ್ಕಪಕ್ಕದ ಪಿನ್‌ಗಳಿಗೂ. ಮತ್ತೆ ಹೇರ್ ಡ್ರೈಯರ್ ಹಿಡಿದೆ, ಕಡ್ಡಿಯಲ್ಲಿ ಅದುಮಿದೆ, ಮುಚ್ಚಳ ಹಾಕಿ ಇಡೀ ದಿನ ಓಡಿಸಿದೆ. ಗೆರೆ ಅಲ್ಲಾಡಲಿಲ್ಲ. ಮೂರು ವರ್ಷವಾಯಿತು, ಇನ್ನೂ ಜಿಗಿದಿಲ್ಲ.

ಹಳೇ ಬೆಸುಗೆ ಬಿರುಕು ಬಿಡುವುದು ಸಹಜ, ಅದಕ್ಕೆ ಸ್ಟಾರ್ ಕಡಿಮೆ ಮಾಡಲಿಲ್ಲ. ಆದರೆ ಆ ಒಂದು ಪಿನ್ನಿನ ಹಿಂಭಾಗ ತಲುಪಲು ಮುಂದಿನ ನಾಬ್‌ಗಳನ್ನೆಲ್ಲ ಕಿತ್ತು, ಹನ್ನೊಂದು ಸ್ಕ್ರೂ ಬಿಚ್ಚಬೇಕು ನೋಡಿ, ಸ್ಟಾರ್ ಹೋಗಿದ್ದು ಅದಕ್ಕೆ.