ಸೆವೆನ್ ಸಿಸ್ಟರ್ಸ್ ಎಂದು ಬೇರೆ ಗೋಡೆ ತೋರಿಸುತ್ತಾರೆ, ಹಣ ಕಟ್ಟುವ ಮೊದಲು ಓದಿ

ಬ್ಯಾಂಕ್ ಹಾಲಿಡೇ ಹತ್ತಿರ ಬಂತು, ಲಂಡನ್ ಸುತ್ತಮುತ್ತಲಿನ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಆ ಪೋಸ್ಟರ್ ಮತ್ತೆ ಓಡಾಡುತ್ತಿದೆ. ‘ಬ್ರೈಟನ್, ರಾಯಲ್ ಪೆವಿಲಿಯನ್, ಸೆವೆನ್ ಸಿಸ್ಟರ್ಸ್, ರೈ: ಒಂದೇ ದಿನದಲ್ಲಿ, ಮನೆಯೂಟದೊಂದಿಗೆ!’ ಅದರ ಮೂಲೆಯಲ್ಲಿ ಮಫ್ಲರ್ ಸುತ್ತಿಕೊಂಡು ನಗುತ್ತಿರುವ ಹಿರಿಯರು ನಮ್ಮ ಮಾವನವರು. ಅವರ ಬೆನ್ನ ಹಿಂದೆ ಇರುವುದು ಸೆವೆನ್ ಸಿಸ್ಟರ್ಸ್ ಎಂಬ ಕಡಲ ಬದಿಯ ಏಳು ಬಿಳಿ ಬಂಡೆಗಳ ಸಾಲು ಅಲ್ಲ. ಅಲ್ಲವೇ ಅಲ್ಲ.

ಕಳೆದ ಸಲ ಈ ಬಸ್ಸು ಪ್ರವಾಸಕ್ಕೆ ನಾವೂ ಹೋಗಿದ್ದೆವು. ತಲೆಗೆ 55 ಪೌಂಡ್. ಕಾರ್ಡ್ ಬೇಡ, ನೇರವಾಗಿ ಖಾತೆಗೆ ಹಾಕಿ ಎಂದರು. ನಡೆಸುವವರು ನಮ್ಮವರೇ, ಮಾತೆಲ್ಲ ಕನ್ನಡದಲ್ಲೇ. ‘ಅತ್ತೆ ಮಾವನವರ ಚಿಂತೆ ನಮಗೆ ಬಿಡಿ ಅಕ್ಕಾ’ ಎಂದಾಗ ಯಾರಿಗೆ ತಾನೇ ಅನುಮಾನ ಬರುತ್ತದೆ?

ಬೆಳಗ್ಗೆ ಸ್ಲೌನಲ್ಲಿ ಹತ್ತಿದೆವು. ಹೌನ್ಸ್ಲೋ, ಹ್ಯಾರೋ, ಕ್ರಾಯ್ಡನ್ ಎಂದು ಬಸ್ಸು ಊರೂರು ಸುತ್ತಿತು. ಇರಲಿ, ಇಂಥ ಬಸ್ಸುಗಳ ಹಣೆಬರಹವೇ ಅದು. ಆಮೇಲೆ ಹೆದ್ದಾರಿ ಪಕ್ಕದ ಸರ್ವಿಸ್ ಸ್ಟೇಷನ್‌ನಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದರು. ಚಾಲಕರಿಗೆ 45 ನಿಮಿಷ ವಿಶ್ರಾಂತಿ ಕೊಡಲೇಬೇಕು, ಇದು ಇಲ್ಲಿನ ಕಾನೂನು ಎಂದರು. ಕಾನೂನೇನೋ ಹೌದು, ಆದರೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ! ನಿಜವಾದ ಕಾರಣ ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು: ಪುಳಿಯೋಗರೆ ಡಬ್ಬಗಳನ್ನು ತರುವ ವ್ಯಾನ್ ಬಂದಿರಲಿಲ್ಲ.

ಮಾವನವರಿಗೆ ಬ್ರೈಟನ್‌ನ ಹಳೆಯ ಅರಮನೆ ರಾಯಲ್ ಪೆವಿಲಿಯನ್ ನೋಡುವ ಆಸೆ ಬಹಳ. ಮೊದಲ ಮಹಾಯುದ್ಧದಲ್ಲಿ, 1914ರಿಂದ 1916ರವರೆಗೆ, ಗಾಯಗೊಂಡ ಭಾರತೀಯ ಸೈನಿಕರಿಗೆ ಅದೇ ಆಸ್ಪತ್ರೆಯಾಗಿತ್ತು ಎಂದು ಓದಿಕೊಂಡೇ ಬಂದಿದ್ದರು. ಪೋಸ್ಟರಿನಲ್ಲಿ ಒಳಗಿನ ಔತಣದ ಕೋಣೆಯ ಡ್ರ್ಯಾಗನ್ ದೀಪಗೊಂಚಲಿನ ಚಿತ್ರವನ್ನೇ ಹಾಕಿದ್ದರು. ಅಲ್ಲಿಗೆ ಹೋದ ಮೇಲೆ ‘ಟಿಕೆಟ್ ನಿಮ್ಮದೇ ಖರ್ಚು, ಒಳಗೆ ಹೋದರೆ ತಡವಾಗುತ್ತದೆ, ಬಸ್ಸು ಕಾಯುವುದಿಲ್ಲ’ ಎಂದರು. ತೋಟದಲ್ಲಿ ನಿಂತು ಗುಮ್ಮಟ ನೋಡಿಕೊಂಡು ಬಂದೆವು.

ಇನ್ನು ಸೆವೆನ್ ಸಿಸ್ಟರ್ಸ್. ಬ್ರೈಟನ್ ಬಿಟ್ಟು ಹತ್ತು ಹದಿನೈದು ನಿಮಿಷಕ್ಕೇ ಬಸ್ಸು ನಿಂತಿತು. ಕೆಳಗೆ ಕಡಲ ಬದಿಗೆ ಕಾಂಕ್ರೀಟ್ ಹಾದಿ, ಪಕ್ಕದಲ್ಲಿ ಬಿಳಿ ಬಂಡೆಯ ಗೋಡೆ. ‘ಇದೇ ನೋಡಿ! ಇಪ್ಪತ್ತು ನಿಮಿಷ, ಫೋಟೊ ತೆಗೆದುಕೊಳ್ಳಿ!’ ಎಲ್ಲರೂ ತೆಗೆದುಕೊಂಡೆವು. ಮೈಸೂರಿನ ನೆಂಟರಿಗೆಲ್ಲ ಕಳುಹಿಸಿಯೂ ಆಯಿತು. ಅತ್ತೆ ಮಾತ್ರ ತಲೆ ಎತ್ತಿ ಎಣಿಸುತ್ತಿದ್ದರು. ‘ಏಳು ಎಲ್ಲಿವೆ? ಒಂದೇ ಗೋಡೆ ಇದೆಯಲ್ಲ?’ ಗೈಡ್ ಮಹಾಶಯ ನಕ್ಕು, ‘ಕೆಳಗಿನಿಂದ ಕಾಣಿಸುವುದಿಲ್ಲ ಅಮ್ಮಾ’ ಎಂದ.

ನಾಯಿ ಕರೆದುಕೊಂಡು ಬಂದ ಇಂಗ್ಲಿಷ್ ಹೆಂಗಸೊಬ್ಬರನ್ನು ಸುಮ್ಮನೆ ಮಾತಿಗೆಂದು ಕೇಳಿದೆ. ಅವರು ಪಾಪ, ಬಹಳ ಸಂಕೋಚದಿಂದ ಹೇಳಿದರು: ಇದು ರಾಟಿಂಗ್‌ಡೀನ್, ಸೆವೆನ್ ಸಿಸ್ಟರ್ಸ್ ಇರುವುದು ಸೀಫರ್ಡ್ ದಾಟಿದ ಮೇಲೆ. ಇಡೀ ಬಸ್ಸಿನ ಜನ ಫೋಟೊ ತೆಗೆದುಕೊಳ್ಳುತ್ತಿದ್ದಾರೆ, ಆ ಹೆಂಗಸು ನಮ್ಮನ್ನೇ ನೋಡುತ್ತಿದ್ದಾರೆ. ನನ್ನ ಮುಖ ಹೇಗಾಗಿರಬೇಡ!

ಗೈಡ್‌ನನ್ನು ಹಿಡಿದು ಕೇಳಿದರೆ ಏನು ಹೇಳಿದ ಗೊತ್ತೇ? ‘ಅದೂ ಸೀಮೆಸುಣ್ಣದ ಬಂಡೆ, ಇದೂ ಅದೇ ಬಂಡೆ ಮೇಡಂ. ಎಲ್ಲ ಒಂದೇ ಸಾಲು.’ ಅದೇ ಬಂಡೆ ಡೋವರ್‌ನಲ್ಲೂ ಇದೆಯಪ್ಪಾ, ನಾಳೆ ಇದನ್ನೇ ಡೋವರ್ ಎಂದು ತೋರಿಸುತ್ತೀಯಾ? ಅದಕ್ಕೆ ಉತ್ತರವಿಲ್ಲ. ರೈ ಊರಿನ ಹಳೆಯ ಕಲ್ಲುಹಾಸಿನ ಬೀದಿಗಳಂತೂ ‘ಟ್ರಾಫಿಕ್ ಬಹಳ ಇದೆಯಂತೆ’ ಎಂಬ ಒಂದೇ ಮಾತಿನಲ್ಲಿ ಮುಗಿದವು.

ಅರ್ಧ ಹಣವನ್ನಾದರೂ ವಾಪಸ್ ಕೊಡಿ ಎಂದು ಬರೆದೆ. ಬಂದ ಉತ್ತರ: ‘ಅಕ್ಕಾ, ಊಟ ಚೆನ್ನಾಗಿತ್ತಲ್ಲ?’ ಮತ್ತೆ ಬರೆದೆ. ‘ಎಲ್ಲರೂ ಖುಷಿಯಾಗಿದ್ದಾರೆ, ನಿಮ್ಮೊಬ್ಬರದೇ ತಕರಾರು. ನಮ್ಮವರೇ ಹೀಗೆ ಮಾಡಿದರೆ ಹೇಗೆ?’ ಮುಂದಿನ ಪ್ರವಾಸಕ್ಕೆ ಹತ್ತು ಪೌಂಡ್ ರಿಯಾಯಿತಿ ಕೊಡುತ್ತಾರಂತೆ! ಪೋಸ್ಟರಿನಿಂದ ಮಾವನವರ ಚಿತ್ರವನ್ನು ತೆಗೆಯಿರಿ ಎಂದರೆ, ‘ಅಂಕಲ್ ಹೀರೊ ಹಾಗೆ ಕಾಣಿಸುತ್ತಾರೆ, ಇರಲಿ ಬಿಡಿ’ ಎಂದರು.

ಖಾತೆಗೆ ನೇರವಾಗಿ ಹಣ ಹಾಕಬೇಡಿ, ಕಾರ್ಡ್ ಬೇಡ ಎನ್ನುವವರ ಬಸ್ಸನ್ನೇ ಹತ್ತಬೇಡಿ. ರಾತ್ರಿ ತಂಗದ ಒಂದು ದಿನದ ಪ್ರವಾಸಕ್ಕೆ ಇಲ್ಲಿನ ಪ್ಯಾಕೇಜ್ ಪ್ರವಾಸ ಕಾನೂನಿನ ರಕ್ಷಣೆಯೂ ಇಲ್ಲ, ಇದು ಅವರಿಗೆ ಚೆನ್ನಾಗಿ ಗೊತ್ತು. ಮೂವರು ಒಟ್ಟಿಗೆ ಹೊರಟರೆ ರೈಲಿನಲ್ಲಿ ಗ್ರೂಪ್‌ಸೇವ್ ಟಿಕೆಟ್‌ಗೆ ಮೂರನೇ ಒಂದು ಭಾಗ ಕಡಿಮೆ. ಬ್ರೈಟನ್‌ನಿಂದ ಈಸ್ಟ್‌ಬೋರ್ನ್ ಕಡೆಗೆ ಹೋಗುವ 12ನೇ ನಂಬರಿನ ಬಸ್ಸು ಹತ್ತಿ ಸೆವೆನ್ ಸಿಸ್ಟರ್ಸ್ ಪಾರ್ಕ್ ಬಳಿ ಇಳಿದರೆ ಆಯಿತು. ಈಗಾಗಲೇ ಹಣ ಕಟ್ಟಿದವರು ಇವತ್ತೇ ಬರೆದು ಕೇಳಿ: ಪೆವಿಲಿಯನ್ ಟಿಕೆಟ್ ಸೇರಿದೆಯೇ, ಬಸ್ಸು ನಿಲ್ಲುವುದು ಯಾವ ಊರಿನಲ್ಲಿ? ಉತ್ತರದಲ್ಲಿ ಊಟದ ಮಾತು ಬಂದರೆ ಹಣ ವಾಪಸ್ ಕೇಳಿ.